ಭಿಕ್ಷುವಿನ ದಾರಿಯ ಮೂರು ಊರಿನವರು

ಷಿಯಾನ್ ನಗರದಲ್ಲಿ ಓದುವವರಿಗೆ ಶನಿವಾರ ಬಂತೆಂದರೆ ಎಲ್ಲಿಗೆ ಹೋಗುವುದೆಂಬ ಚಿಂತೆ ಇರುವುದಿಲ್ಲ. ಊರಿನ ನಡುವೆ ಮಿಂಗ್ ಅರಸರ ಕಾಲದ, ಸುಮಾರು 14 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆಯಿದ್ದು ಅದರ ಮೇಲೆ ಬಾಡಿಗೆ ಸೈಕಲ್ ತುಳಿಯಬಹುದು. ಪೂರ್ವಕ್ಕೆ ಲಿನ್‌ಟಾಂಗ್‌ನಲ್ಲಿ, 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕ ಮಣ್ಣಿನ ಸೈನಿಕರಿದ್ದಾರೆ. ಇನ್ನೂ ಪೂರ್ವಕ್ಕೆ ಹ್ವಾಶಾನ್ ಬೆಟ್ಟವಿದೆ. ದಕ್ಷಿಣದಲ್ಲಿ, ಗೋಧಿಯ ಉತ್ತರ ಚೀನಾವನ್ನೂ ಅಕ್ಕಿಯ ದಕ್ಷಿಣ ಚೀನಾವನ್ನೂ ಬೇರ್ಪಡಿಸುವ ಚಿನ್‌ಲಿಂಗ್ ಪರ್ವತಸಾಲು ಮಳೆ ಬಂದು ಹೋದ ಮರುದಿನ ಹಾಸ್ಟೆಲಿನ ಕಿಟಕಿಗೇ ಕಾಣುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ನಾನು ಹೋದ ಮೊದಲ ವರ್ಷವೇ ವಿಶ್ವವಿದ್ಯಾಲಯದವರು ಬಸ್ಸಿನಲ್ಲಿ ಕರೆದೊಯ್ದು ತೋರಿಸಿದ್ದರು. ಬಾವುಟ ಹಿಡಿದ ಮಾರ್ಗದರ್ಶಿಯ ಹಿಂದೆ ನಡೆದು, ಹೇಳಿದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಬಂದಿದ್ದೆವು. ಆ ನಗರ ನನಗೆ ತಿಳಿಯತೊಡಗಿದ್ದು ಮಾತ್ರ ಅದಾದ ಮೇಲೆ, ನಾಲ್ವರು ಗೆಳೆಯರು ಜೊತೆಗೂಡಿ ವಾರಾಂತ್ಯಗಳಲ್ಲಿ ತಿರುಗಲು ಶುರುಮಾಡಿದಾಗ. ಏಕೆ ಹಾಗಾಯಿತೆಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೇನೆ.

ನಾನು ಬಾದಾಮಿಯ ಕಡೆಯವನು. 2016ರ ಶರತ್ಕಾಲದಲ್ಲಿ, ಚೀನಾ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಗೆಂದು ಷಿಯಾನ್‌ಗೆ ಹೋದೆ. ಮೊದಲ ವರ್ಷವೆಲ್ಲ ಚೀನೀ ಭಾಷೆಯ ತರಗತಿ. ಅಲ್ಲಿ ನನ್ನ ಬೆಂಚಿನ ಒಂದು ಬದಿಗೆ ಪೆಶಾವರದ ಹುಡುಗ ಕೂರುತ್ತಿದ್ದ, ಇನ್ನೊಂದು ಬದಿಗೆ ಕಿರ್ಗಿಸ್ತಾನದ ತೊಕ್‌ಮೊಕ್ ಎಂಬ ಸಣ್ಣ ಪಟ್ಟಣದ ಹುಡುಗಿ. ನಾಲ್ಕನೆಯವಳು ಷಿಯಾನ್‌ನ ಪಶ್ಚಿಮಕ್ಕಿರುವ ಬಾವ್‌ಜಿಯವಳು. ನಮ್ಮ ಭಾಷಾ ವಿಭಾಗದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಮಾತಿನ ಜೊತೆಗಾರ್ತಿಯಾಗಿ ನೇಮಕವಾಗಿ, ಆ ಕೆಲಸ ಮುಗಿದ ಮೇಲೂ ನಮ್ಮನ್ನು ಬಿಟ್ಟು ಹೋಗದವಳು. ನಾಲ್ವರ ನಡುವಿನ ಭಾಷೆ ಚೀನೀ. ಪೆಶಾವರದವನೂ ನಾನೂ ಇಬ್ಬರೇ ಇದ್ದಾಗ ಅವನ ಉರ್ದು, ನನ್ನ ಹಿಂದಿ. ಗಡಿಯ ಈಚೆಗೂ ಆಚೆಗೂ ಬೆಳೆದ ನಾವಿಬ್ಬರು ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠವನ್ನು ಕಲಿಯಲು ಮೂರನೆಯ ದೇಶಕ್ಕೇ ಬರಬೇಕಾಯಿತೆಂಬುದು ಆ ವಯಸ್ಸಿನಲ್ಲೂ ನನ್ನನ್ನು ಕಾಡುತ್ತಿತ್ತು.

ಚೀನಾದಲ್ಲಿ ವಾರಾಂತ್ಯವೆಂಬುದು ಕ್ಯಾಲೆಂಡರಿನಲ್ಲಿ ಇದ್ದ ಮಾತ್ರಕ್ಕೆ ಸಿಗುವುದಿಲ್ಲ. ಅಕ್ಟೋಬರ್ 1ರ ರಾಷ್ಟ್ರೀಯ ದಿನಕ್ಕೆ ಉದ್ದನೆಯ ರಜೆ ಕೊಡಬೇಕೆಂದು, ಅದರ ಹಿಂದಿನದೋ ಮುಂದಿನದೋ ಶನಿವಾರ ಅಥವಾ ಭಾನುವಾರವನ್ನು ಕೆಲಸದ ದಿನವನ್ನಾಗಿ ಮಾಡುವ ಪದ್ಧತಿ ಅಲ್ಲಿದೆ. ಕಚೇರಿಗಳಂತೆ ತರಗತಿಗಳೂ ನಡೆಯುತ್ತವೆ. ಆ ಉದ್ದನೆಯ ರಜೆಯಲ್ಲಿ ಇಡೀ ದೇಶವೇ ರೈಲು ಹತ್ತುವುದರಿಂದ ಆಗ ಹೊರಡುವುದರಲ್ಲಿ ಅರ್ಥವಿಲ್ಲ ಎಂದು ಬಾವ್‌ಜಿಯವಳು ಮೊದಲೇ ಹೇಳಿದ್ದಳು. ಹಾಗಾಗಿ ನಮ್ಮ ಪ್ರಯಾಣಗಳೆಲ್ಲ ಯಾವ ವಿಶೇಷವೂ ಇಲ್ಲದ ಸಾಧಾರಣ ಶನಿವಾರಗಳಲ್ಲಿ ನಡೆದವು. ಶುಕ್ರವಾರ ಸಂಜೆ ಲ್ಯಾಬಿನಿಂದ ನೇರವಾಗಿ ನಿಲ್ದಾಣಕ್ಕೆ ಹೋಗಿ, ಭಾನುವಾರ ರಾತ್ರಿ 11ಕ್ಕೆ ಹಾಸ್ಟೆಲ್ ಬಾಗಿಲು ಹಾಕುವುದರೊಳಗೆ ಮರಳುವುದು. ಬಾದಾಮಿಯಿಂದ ಅವ್ವ ವೀಚಾಟ್‌ನಲ್ಲಿ ಕರೆ ಮಾಡಿದಾಗ ಹಿಂದೆ ನಿಲ್ದಾಣದ ಘೋಷಣೆ ಕೇಳಿಸಿದರೆ, "ಮತ್ತ ಎಲ್ಲಿಗಿ ಹೊಂಟೀಯಪಾ?" ಎಂದು ಕೇಳುತ್ತಿದ್ದಳು.

ಆಗಿನ್ನೂ ರೈಲಿಗೆ ನೀಲಿ ಬಣ್ಣದ ಕಾಗದದ ಟಿಕೆಟ್ ಇತ್ತು. ಮೊಬೈಲಿನಲ್ಲಿ ಕಾಯ್ದಿರಿಸಿದರೂ ಟಿಕೆಟನ್ನು ನಿಲ್ದಾಣದಲ್ಲಿ ಪಡೆಯಬೇಕಿತ್ತು. ಚೀನೀಯರು ತಮ್ಮ ಗುರುತಿನ ಚೀಟಿಯನ್ನು ಯಂತ್ರದ ಮೇಲಿಟ್ಟರೆ ಅರೆ ನಿಮಿಷದಲ್ಲಿ ಟಿಕೆಟ್ ಹೊರಬರುತ್ತಿತ್ತು. ಪಾಸ್‌ಪೋರ್ಟಿನವರು ಕೌಂಟರಿನ ಉದ್ದನೆಯ ಸಾಲಿನಲ್ಲಿ ನಿಲ್ಲಬೇಕು. ಬಾವ್‌ಜಿಯವಳು ತನ್ನ ಟಿಕೆಟನ್ನು ಯಂತ್ರದಿಂದ ಯಾವತ್ತೂ ಪಡೆಯಲಿಲ್ಲ. ನಮ್ಮೊಂದಿಗೆ ಸಾಲಿನಲ್ಲಿ ನಿಂತು, ನಮ್ಮ ಸರದಿ ಬಂದಾಗಲೇ ತನ್ನದನ್ನೂ ಕೇಳುತ್ತಿದ್ದಳು. ಯಾಕೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸ್ನೇಹವೆಂದರೆ ಏನೆಂದು ಯಾರಾದರೂ ನನ್ನನ್ನು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಸಾಲು.

ದುಡ್ಡು ಕಡಿಮೆ ಇದ್ದುದರಿಂದ ವೇಗದ ರೈಲಿಗಿಂತ ಹಸಿರು ಬಣ್ಣದ ಹಳೆಯ ರೈಲುಗಳೇ ನಮ್ಮ ಆಯ್ಕೆಯಾಗಿದ್ದವು. ಅವುಗಳ ಸಾಧಾರಣ ದರ್ಜೆಯಲ್ಲಿ ಒಂದು ಬದಿಗೆ ಮೂವರು, ಇನ್ನೊಂದು ಬದಿಗೆ ಇಬ್ಬರು ಎದುರುಬದುರಾಗಿ ಕೂರುವ ನೆಟ್ಟನೆಯ ಸೀಟುಗಳು, ನಡುವೆ ಪುಟ್ಟ ಮೇಜು. ಪ್ರತಿ ಬೋಗಿಯ ತುದಿಯಲ್ಲಿ ಬಿಸಿನೀರಿನ ಬಾಯ್ಲರ್ ಇರುತ್ತದೆ. ಕಾಗದದ ಬಟ್ಟಲಿನ ನೂಡಲ್ಸ್‌ಗೆ ಅಲ್ಲಿಂದ ನೀರು ಹಿಡಿದು ತರುವವರು ತೂಗಾಡುವ ಬೋಗಿಯಲ್ಲಿ ಎಚ್ಚರದಿಂದ ಹೆಜ್ಜೆಯಿಡುತ್ತಾರೆ. ಬಿಯರ್, ತಂಪು ಪಾನೀಯ, ನೀರು, ಶೇಂಗಾ, ಸೂರ್ಯಕಾಂತಿ ಬೀಜ, ಡಬ್ಬಿಯ ಗಂಜಿ ಎಂದು ಒಂದೇ ರಾಗದಲ್ಲಿ ಕೂಗುತ್ತ ಗಾಡಿ ತಳ್ಳುವವರು ಬಂದರೆ ಕಾಲು ಚಾಚಿದವರೆಲ್ಲ ಕಾಲು ಮಡಚಿಕೊಳ್ಳುತ್ತಾರೆ. ಎದುರಿಗೆ ಕೂತವರು ಯಾವ ದೇಶದವರೆಂದು ಕೇಳುತ್ತಾರೆ. ನಾಲ್ವರು ಹೇಳಿದ ನಾಲ್ಕು ಬೇರೆ ಬೇರೆ ದೇಶಗಳ ಹೆಸರು ಕೇಳಿ, ನೀವು ಒಬ್ಬರಿಗೊಬ್ಬರು ಹೇಗೆ ಪರಿಚಯವೆಂದು ಮುಂದಿನ ಪ್ರಶ್ನೆ ಬರುತ್ತದೆ. ಆಮೇಲೆ ಸೂರ್ಯಕಾಂತಿ ಬೀಜದ ಪೊಟ್ಟಣ ಮೇಜಿನ ನಡುವೆ ಬರುತ್ತದೆ.

ಷಿಯಾನ್ ಬಿಟ್ಟು ಎಲ್ಲಿಗೂ ಹೋಗದ ಶನಿವಾರಗಳಲ್ಲಿ ನಾವು ನಗಾರಿಗೋಪುರದ ಹಿಂದಿನ ಮುಸ್ಲಿಮರ ಬೀದಿಗೆ ಹೋಗುತ್ತಿದ್ದೆವು. ಪ್ರವಾಸಿಗರು ತುಂಬಿರುವ ದೊಡ್ಡ ಬೀದಿಯನ್ನು ಬಿಟ್ಟು ಒಳಗಿನ ಓಣಿಗಳಿಗೆ ಸರಿದರೆ, ಎಂಟನೆಯ ಶತಮಾನದಲ್ಲಿ ಸ್ಥಾಪನೆಯಾಯಿತೆಂದು ಪ್ರತೀತಿಯಿರುವ ದೊಡ್ಡ ಮಸೀದಿಯ ಆಸುಪಾಸಿನಲ್ಲಿ ಚೀನೀ ಮಾತಾಡುವ ಹ್ವೇ ಮುಸ್ಲಿಮರ ಸಣ್ಣ ಸಣ್ಣ ಊಟದ ಅಂಗಡಿಗಳಿವೆ. ಅಲ್ಲಿನ ಪಾವ್‌ಮೋ ಎಂಬ ಊಟದ ಕ್ರಮವೇ ಮಾತಿಗೆ ಹೇಳಿಮಾಡಿಸಿದಂತಿದೆ. ಮೊದಲು ಪ್ರತಿಯೊಬ್ಬರಿಗೂ ಒಂದು ಖಾಲಿ ಬೋಗುಣಿ, ಅದರಲ್ಲಿ ಗಟ್ಟಿಯಾದ ದುಂಡನೆಯ ಗೋಧಿ ರೊಟ್ಟಿ ಇಟ್ಟು ಕೊಡುತ್ತಾರೆ. ಅದನ್ನು ಕೈಯಿಂದಲೇ ಚಿವುಟಿ, ಸೋಯಾ ಕಾಳಿನಷ್ಟು ಸಣ್ಣ ಚೂರುಗಳನ್ನಾಗಿ ಮಾಡಬೇಕು. ಎಲ್ಲವೂ ಚೂರಾದ ಮೇಲೆ ಬೋಗುಣಿ ಅಡುಗೆಮನೆಗೆ ಹೋಗುತ್ತದೆ. ಅಡುಗೆಯವರು ಚೂರುಗಳ ಗಾತ್ರ ನೋಡಿ ಅದಕ್ಕೆ ತಕ್ಕಷ್ಟು ಕುರಿಮಾಂಸದ ಸಾರು ಹಾಕಿ ಕುದಿಸಿ, ಸಿಹಿ ಉಪ್ಪಿನಕಾಯಿ ಬೆಳ್ಳುಳ್ಳಿಯ ಜೊತೆ ಕಳಿಸುತ್ತಾರೆ. ನಮ್ಮ ಕಡೆ ಖಡಕ್ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಿ ತಿನ್ನುವಂತೆಯೇ ಇದೂ. ಮುರಿಯುವುದಕ್ಕೆ ಇಲ್ಲಿ ಹಿಡಿಯುವ ಹೊತ್ತು ಮಾತ್ರ ಬಹಳ ಹೆಚ್ಚು. ನಾನು ಸಸ್ಯಾಹಾರಿಯಾದ್ದರಿಂದ ಎಳ್ಳಿನ ಗೊಜ್ಜು, ವಿನೆಗರ್, ಖಾರದ ಎಣ್ಣೆ ಕಲಸಿದ ಲ್ಯಾಂಗ್‌ಪೀ ಎಂಬ ತಣ್ಣನೆಯ ಶಾವಿಗೆಯೇ ನನ್ನ ಊಟ. ಆದರೂ ರೊಟ್ಟಿ ಚಿವುಟುವುದರಲ್ಲಿ ಪೆಶಾವರದವನ ಬೋಗುಣಿಗೆ ನನ್ನ ಕೈಯೂ ಸೇರುತ್ತಿತ್ತು. ಅರ್ಧ ಗಂಟೆ ಬೆರಳುಗಳಿಗೆ ಕೆಲಸವಿದ್ದು ಬಾಯಿ ಬಿಡುವಾಗಿದ್ದರೆ ಮನುಷ್ಯರು ಎಷ್ಟೆಲ್ಲ ಮಾತಾಡುತ್ತಾರೆಂಬುದನ್ನು ನಾನು ಕಂಡದ್ದು ಅಲ್ಲಿ.

ಆ ಓಣಿಗಳಲ್ಲಿ ನಮ್ಮ ತೊಕ್‌ಮೊಕ್‌ನ ಗೆಳತಿ ಬೇರೆಯೇ ಮನುಷ್ಯಳಾಗುತ್ತಿದ್ದಳು. ಅವಳು ಕಿರ್ಗಿಸ್ತಾನದ ದುಂಗಾನ್ ಜನಾಂಗದವಳು. 1860ರ ದಶಕದಲ್ಲಿ ಷಿಯಾನ್ ಇರುವ ಷಾನ್‌ಶಿ, ಅದರ ಪಕ್ಕದ ಗಾನ್ಸು ಪ್ರಾಂತಗಳ ಮುಸ್ಲಿಮರು ಚಿಂಗ್ ಸಾಮ್ರಾಜ್ಯದ ವಿರುದ್ಧ ದಂಗೆಯೆದ್ದು ಸೋತ ಮೇಲೆ, ಉಳಿದವರಲ್ಲಿ ಕೆಲವರು 1877ರ ಚಳಿಗಾಲದಲ್ಲಿ ತಿಯಾನ್‌ಶಾನ್ ಪರ್ವತ ದಾಟಿ ರಷ್ಯಾದ ನೆಲಕ್ಕೆ ಹೋದರು. ಷಾನ್‌ಶಿಯಿಂದ ಹೋದವರು ನೆಲೆಯಾದ ಜಾಗಗಳಲ್ಲಿ ತೊಕ್‌ಮೊಕ್ ಒಂದು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಮನೆಯಲ್ಲಿ ಷಾನ್‌ಶಿಯ ಹಳೆಯ ಆಡುಮಾತನ್ನೇ ಆಡುತ್ತಾರೆ, ಬರೆಯುವಾಗ ಮಾತ್ರ ರಷ್ಯನ್ನರ ಸಿರಿಲಿಕ್ ಲಿಪಿ ಬಳಸುತ್ತಾರೆ. ತರಗತಿಯಲ್ಲಿ ಅಕ್ಷರ ಬರೆಯಲು ನಮ್ಮಷ್ಟೇ ಕಷ್ಟಪಡುತ್ತಿದ್ದ ಹುಡುಗಿ, ಪಾವ್‌ಮೋ ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತ ಮುದುಕಿಯೊಂದಿಗೆ ತಡೆಯಿಲ್ಲದೆ ಮಾತಾಡುತ್ತಿದ್ದಳು. ಮೊದಲ ಸಲ ಅವಳ ಮಾತು ಕೇಳಿದಾಗ ಆ ಮುದುಕಿ ಎದ್ದು ಬಂದು ಅವಳ ಕೈ ಹಿಡಿದುಕೊಂಡು, ಇಂಥ ಮಾತನ್ನು ತನ್ನ ಅಜ್ಜಿ ಆಡುತ್ತಿದ್ದಳೆಂದು ಹೇಳಿದಳು. ನೀನು ಯಾರ ಮನೆಯವಳೆಂದು ಕೇಳಿದಳು. ನೂರನಲವತ್ತು ವರ್ಷಗಳ ಹಿಂದೆ ಊರು ಬಿಟ್ಟ ಮನೆತನದ ಗುರುತನ್ನು ಹುಡುಗಿ ಹೇಗೆ ಹೇಳಿಯಾಳು? ತನಗೆ ಗೊತ್ತಿದ್ದಷ್ಟನ್ನು ಹೇಳಿದಳು. ಲ್ಯಾಂಗ್‌ಪೀ ತಿನ್ನುತ್ತಾ, ನಮ್ಮಲ್ಲಿ ಇದನ್ನು ಆಶ್ಲಾನ್‌ಫೂ ಎನ್ನುತ್ತೇವೆ, ಅದರಲ್ಲಿ ಹುಳಿ ಇನ್ನೂ ಮುಂದಿರುತ್ತದೆ ಎಂದು ಮುದುಕಿಗೆ ವಿವರಿಸಿದಳು. ಅಂದಿನಿಂದ ಆ ಅಂಗಡಿಯಲ್ಲಿ ನಮ್ಮ ಮೇಜಿಗೆ ಪರ್ಸಿಮನ್ ಹಣ್ಣಿನ ತಿರುಳಿನಲ್ಲಿ ಹಿಟ್ಟು ಕಲಸಿ ಎಣ್ಣೆಯಲ್ಲಿ ಕರಿದ ಸಿಹಿ ಕಡುಬು ಕೇಳದೆಯೇ ಬರುತ್ತಿತ್ತು.

ಅವಳ ಹಿರಿಯರು ಪರ್ವತ ದಾಟಿದ ಕಥೆಯನ್ನು ನಾವು ಪೂರ್ತಿಯಾಗಿ ಕೇಳಿದ್ದು ಹ್ವಾಶಾನ್ ಹತ್ತಿದ ರಾತ್ರಿ. ಹ್ವಾಶಾನ್ ಷಿಯಾನ್‌ನಿಂದ ಸುಮಾರು 120 ಕಿಲೋಮೀಟರ್ ಪೂರ್ವದಲ್ಲಿ, ಬಯಲಿನಿಂದ ಒಮ್ಮೆಗೇ ಎದ್ದು ನಿಂತಿರುವ ಬೆಳ್ಳನೆಯ ಗ್ರಾನೈಟ್ ಬೆಟ್ಟ. ಅದರ ದಕ್ಷಿಣ ಶಿಖರ 2,154.9 ಮೀಟರ್ ಎತ್ತರದ್ದು. 1996ರಲ್ಲಿ ಉತ್ತರ ಶಿಖರಕ್ಕೂ 2013ರಲ್ಲಿ ಪಶ್ಚಿಮ ಶಿಖರಕ್ಕೂ ಕೇಬಲ್ ಕಾರ್ ಬಂದಿದ್ದರೂ, ವಿದ್ಯಾರ್ಥಿಗಳಲ್ಲಿ ಹಳೆಯ ಪದ್ಧತಿಯೇ ಉಳಿದುಕೊಂಡಿದೆ: ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ ಬುಡದ ದೇವಾಲಯದಿಂದ ಹೊರಟು, ಇಡೀ ರಾತ್ರಿ ಹತ್ತಿ, ಪೂರ್ವ ಶಿಖರದಲ್ಲಿ ಸೂರ್ಯೋದಯ ನೋಡುವುದು. ಬುಡದ ಅಂಗಡಿಗಳಲ್ಲಿ ಬಿಳಿ ಹತ್ತಿಯ ಕೈಗವಸು ಮಾರುತ್ತಾರೆ. ಸರಪಳಿ ಹಿಡಿದು ಹತ್ತಬೇಕಾದ ಕಡೆ ಕಬ್ಬಿಣದ ತಣುಪು ಅಂಗೈಯನ್ನು ಕೊರೆಯುವುದರಿಂದ ಅವು ಬೇಕೇ ಬೇಕು. ಬಂಡೆಯ ಸೀಳಿನಲ್ಲಿ ಕಡಿದ ಮೆಟ್ಟಿಲುಗಳು ಕೆಲವೆಡೆ ಎಷ್ಟು ಕಡಿದಾಗಿವೆಯೆಂದರೆ, ಮುಂದಿನವರ ಬೂಟಿನ ಹಿಮ್ಮಡಿ ನಮ್ಮ ಹಣೆಯ ಎದುರಿಗೇ ಇರುತ್ತದೆ.

ಅಲ್ಲಿ ನಾನು ಬಹಳ ಹೊತ್ತು ಗಮನಿಸಿದ್ದು ಹೊರೆ ಹೊರುವವರನ್ನು. ಮೇಲಿನ ಅಂಗಡಿಗಳಿಗೆ ಬೇಕಾದ ನೀರಿನ ಬಾಟಲಿ, ಕಲ್ಲಂಗಡಿ, ಅಕ್ಕಿ, ಹೀಗೆ ಬಹಳಷ್ಟು ಸಾಮಾನು ಮನುಷ್ಯರ ಹೆಗಲ ಮೇಲೆಯೇ ಏರುತ್ತದೆ. ಐವತ್ತು ದಾಟಿದಂತೆ ಕಾಣುತ್ತಿದ್ದ ಒಬ್ಬರು ಬಿದಿರಿನ ಅಡ್ಡೆಯ ಎರಡೂ ತುದಿಗೆ ಹೊರೆ ಕಟ್ಟಿಕೊಂಡು ನಮ್ಮ ಮುಂದೆಯೇ ಹತ್ತುತ್ತಿದ್ದರು. ಅವರು ಮೆಟ್ಟಿಲನ್ನು ನೇರವಾಗಿ ಏರುತ್ತಿರಲಿಲ್ಲ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ ಸಾಗುತ್ತಿದ್ದರು. ಇಷ್ಟಿಷ್ಟು ಮೆಟ್ಟಿಲಿಗೊಮ್ಮೆ ಕೈಯಲ್ಲಿದ್ದ ಮೋಟು ಕೋಲನ್ನು ಅಡ್ಡೆಗೆ ಊರಿ, ಹೊರೆಯನ್ನು ಕೆಳಗಿಡದೆಯೇ ಉಸಿರು ತಿರುಗಿಸಿಕೊಳ್ಳುತ್ತಿದ್ದರು. ಪೆಶಾವರದ ಗೆಳೆಯ ಅವರಿಗಿಂತ ಮುಂದೆ ಹೋಗಲು ಒಪ್ಪಲೇ ಇಲ್ಲ. ಇಷ್ಟು ಭಾರ ಹೊತ್ತ ಹಿರಿಯರನ್ನು ಖಾಲಿ ಕೈಯವರು ದಾಟಿ ಹೋಗುವುದು ತಮ್ಮ ಕಡೆ ಮರ್ಯಾದೆಯಲ್ಲ ಎಂದ. ಹೀಗಾಗಿ ಅವರು ನಿಂತಾಗ ನಾವೂ ನಿಂತೆವು, ಅವರು ನಡೆದಾಗ ನಾವೂ ನಡೆದೆವು. ಆ ನಿಧಾನದಲ್ಲಿಯೇ ತೊಕ್‌ಮೊಕ್‌ನವಳು ತನ್ನ ಮನೆಯಲ್ಲಿ ಹೇಳುತ್ತ ಬಂದಿರುವ ಕಥೆ ತೆಗೆದಳು: ಕಣಿವೆಯ ಹಿಮ, ದಾರಿಯಲ್ಲಿ ತೀರಿಕೊಂಡ ಮಕ್ಕಳು, ಹೊಸ ನೆಲದಲ್ಲಿ ಬಿತ್ತಲೆಂದು ಸೊಂಟಕ್ಕೆ ಕಟ್ಟಿಕೊಂಡು ಹೋದ ತರಕಾರಿ ಬೀಜ. ಬಾವ್‌ಜಿಯವಳು ಈ ಚರಿತ್ರೆಯನ್ನು ಶಾಲೆಯಲ್ಲಿ ಬೇರೆ ಬಗೆಯಲ್ಲಿ, ನಾಲ್ಕು ಸಾಲಿನಲ್ಲಿ ಓದಿದ್ದಳು. ಅವಳು ಏನೂ ವಾದಿಸದೆ ಕೇಳಿಸಿಕೊಂಡಳು. ಮೇಲೆ ಮುಟ್ಟಿದಾಗ ಬಾಡಿಗೆಗೆ ಪಡೆದ ದಪ್ಪ ಮಿಲಿಟರಿ ಕೋಟನ್ನು ಬಿಚ್ಚಿ ಗೆಳತಿಯ ಹೆಗಲಿಗೆ ಹಾಕಿದಳು. ಸೂರ್ಯೋದಯವೇನೋ ಚೆನ್ನಾಗಿಯೇ ಇತ್ತು. ಆದರೆ ನೂರಾರು ಜನ ಮೊಬೈಲ್ ಎತ್ತಿ ಹಿಡಿದ ಆ ಕೆಲವು ನಿಮಿಷಗಳಿಗಿಂತ, ಅದಕ್ಕೂ ಹಿಂದಿನ ಕತ್ತಲೆಯ ಹಾದಿಯೇ ನನ್ನೊಂದಿಗೆ ಉಳಿದಿದೆ.

ಹಳೆಯ ರಾಜಧಾನಿ ಲುವೋಯಾಂಗ್‌ಗೆ ರಾತ್ರಿ ರೈಲಿನಲ್ಲಿ ಹೋದೆವು. ವೇಗದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ ಅದು, ನಮ್ಮ ರೈಲಿಗೆ ಹೆಚ್ಚುಕಡಿಮೆ ಇಡೀ ರಾತ್ರಿ ಬೇಕಾಯಿತು. ಮರುದಿನ ರಾತ್ರಿ ತಂಗಲು ಮೊದಲೇ ಕಾಯ್ದಿರಿಸಿದ್ದ ವಸತಿಗೃಹದವರು ಪಾಸ್‌ಪೋರ್ಟುಗಳನ್ನು ನೋಡಿ, ವಿದೇಶಿಯರನ್ನು ಇಟ್ಟುಕೊಳ್ಳುವುದಿಲ್ಲವೆಂದು ಬಾಗಿಲಿನಿಂದಲೇ ಕಳಿಸಿದರು. ಆ ಕಾಲದಲ್ಲಿ ಇದು ಅಪರೂಪವಾಗಿರಲಿಲ್ಲ. ಬಾವ್‌ಜಿಯವಳಿಗೆ ಅಲ್ಲಿ ಕೋಣೆ ಸಿಗುತ್ತಿತ್ತು. ಅವಳು ಅಲ್ಲಿ ಉಳಿಯದೆ ನಮ್ಮೊಂದಿಗೆ ಬೀದಿ ಬೀದಿ ಸುತ್ತಿ, ಪ್ರತಿ ಬಾಗಿಲಲ್ಲಿ ತಾನೇ ಮುಂದೆ ನಿಂತು ವಿಚಾರಿಸಿ, ಮಧ್ಯರಾತ್ರಿಯ ಹೊತ್ತಿಗೆ ಒಂದು ಜಾಗ ಹುಡುಕಿದಳು.

ಲುವೋಯಾಂಗ್‌ನ ಪೂರ್ವಕ್ಕಿರುವ ಬಿಳಿಕುದುರೆ ದೇವಾಲಯ ಕ್ರಿ.ಶ. 68ರಲ್ಲಿ ಸ್ಥಾಪನೆಯಾಯಿತೆಂದು ಪರಂಪರೆ ಹೇಳುತ್ತದೆ. ಚೀನಾದ ಮೊದಲ ಬೌದ್ಧ ದೇವಾಲಯವೆಂದು ಅದಕ್ಕೆ ಗೌರವ. ಬಾಗಿಲು ದಾಟಿದ ಕೂಡಲೇ ಎಡಬಲಗಳಲ್ಲಿ, ಗೋಡೆಯ ಪಕ್ಕದ ಮರಗಳ ಕೆಳಗೆ, ಹುಲ್ಲು ಬೆಳೆದ ಎರಡು ದುಂಡು ಸಮಾಧಿಗಳಿವೆ. ಒಂದು ಕಾಶ್ಯಪ ಮಾತಂಗನದು, ಇನ್ನೊಂದು ಧರ್ಮರತ್ನನದು. ಬಿಳಿಯ ಕುದುರೆಯ ಮೇಲೆ ಗ್ರಂಥಗಳನ್ನು ಹೇರಿಕೊಂಡು ಬಂದರೆಂದು ಹೇಳಲಾಗುವ, ಮರಳಿ ಭಾರತಕ್ಕೆ ಹೋಗದೆ ಅಲ್ಲಿಯೇ ಮಣ್ಣಾದ ಇಬ್ಬರು ಭಿಕ್ಷುಗಳು. ಊದುಬತ್ತಿ ಹಚ್ಚಲು ಬಂದ ಮುದುಕರೊಬ್ಬರು ನಾನು ಭಾರತದವನೆಂದು ತಿಳಿದು, ಸಮಾಧಿಯನ್ನು ತೋರಿಸಿ, ನಿಮ್ಮ ಊರಿನವರು ಎಂದರು. ದೇವಾಲಯದ ಪಶ್ಚಿಮದಲ್ಲಿ ಸಾಂಚಿಯ ಸ್ತೂಪದ ಮಾದರಿಯಲ್ಲಿ ಭಾರತ ಸರ್ಕಾರ ಕಟ್ಟಿಸಿಕೊಟ್ಟ ಮಂದಿರವೂ ಇದೆ. 2010ರ ಮೇ ತಿಂಗಳಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಅದನ್ನು ಉದ್ಘಾಟಿಸಿದರು. ತೋರಣಗಳು ಚೆಂದವಾಗಿವೆ. ನನ್ನ ಮನಸ್ಸು ಮಾತ್ರ ಆ ಎರಡು ಹುಲ್ಲಿನ ದಿಬ್ಬಗಳ ಬಳಿಯೇ ಇತ್ತು.

ಊರಿನ ದಕ್ಷಿಣಕ್ಕೆ ಯೀ ನದಿಯ ದಂಡೆಯಲ್ಲಿ ಲಾಂಗ್‌ಮನ್ ಗುಹೆಗಳಿವೆ. ಉತ್ತರದ ವೇಯ್ ಅರಸರು 494ರಲ್ಲಿ ಲುವೋಯಾಂಗ್‌ಗೆ ರಾಜಧಾನಿಯನ್ನು ತಂದ ಕಾಲದಲ್ಲಿ ಶುರುವಾದ ಕೆತ್ತನೆ ಅದು. ನಮ್ಮೂರಿನ ಮೂರನೆಯ ಗುಹೆಯಲ್ಲಿ ಮಂಗಲೇಶ ಶಾಸನ ಬರೆಸಿದ್ದು 578ರಲ್ಲಿ. ಅಲ್ಲಿ ಕೆಂಪು ಮರಳುಗಲ್ಲು, ಇಲ್ಲಿ ಬೂದು ಸುಣ್ಣದ ಕಲ್ಲು. ಬಾದಾಮಿಯ ಗುಹೆಗಳ ಕಂಬ ಮುಟ್ಟುತ್ತಾ ಬೆಳೆದವನಿಗೆ, ಬಂಡೆಯ ಎದೆ ಕೊರೆದು ದೇವರಿಗೆ ಜಾಗ ಮಾಡುವ ಕೆಲಸವನ್ನು ಅದೇ ಶತಮಾನದಲ್ಲಿ ಇಲ್ಲಿಯೂ ಮಾಡುತ್ತಿದ್ದರೆಂದು ತಿಳಿಯುವುದು ದೊಡ್ಡ ಸಂತೋಷ. ಅಲ್ಲಿನ ಎಲ್ಲಕ್ಕಿಂತ ದೊಡ್ಡ ಮೂರ್ತಿ 17.14 ಮೀಟರ್ ಎತ್ತರದ ವೈರೋಚನ ಬುದ್ಧ. ಅದಕ್ಕಾಗಿ ಮಹಾರಾಣಿ ವೂ ತನ್ನ ಸೌಂದರ್ಯಸಾಧನದ ಖರ್ಚಿನಿಂದ 672ರಲ್ಲಿ 20,000 ಸರ ನಾಣ್ಯಗಳನ್ನು ಕೊಟ್ಟಳೆಂದು ಅಲ್ಲಿನ ಶಾಸನವೇ ಹೇಳುತ್ತದೆ; 675ರಲ್ಲಿ ಕೆಲಸ ಮುಗಿಯಿತು. ನಾನು ಮೂರ್ತಿಯ ಮುಖವನ್ನೇ ನೋಡುತ್ತಿದ್ದಾಗ ಪೆಶಾವರದವನು ತಲೆಯನ್ನು ನೋಡಲು ಹೇಳಿದ. ಕೂದಲು ಅಲೆಯಲೆಯಾಗಿದೆ. ನಮ್ಮ ಪೆಶಾವರದ ಮ್ಯೂಸಿಯಮ್ಮಿನಲ್ಲಿ ಗಾಂಧಾರದ ಬುದ್ಧನಿಗೆ ಹೀಗೆಯೇ ಕೂದಲಿದೆ, ಎರಡೂ ಹೆಗಲು ಮುಚ್ಚಿದ ಹೊದಿಕೆಯ ಮಡಿಕೆಗಳೂ ಹೀಗೆಯೇ ಇಳಿಯುತ್ತವೆ ಎಂದು ತನ್ನದೇ ಶಾಲಿನ ಮಡಿಕೆ ಹಿಡಿದು ತೋರಿಸಿದ. ಶಾಲೆಯ ಪ್ರವಾಸಗಳಲ್ಲಿ ಮತ್ತೆ ಮತ್ತೆ ಆ ಮ್ಯೂಸಿಯಮ್ಮಿಗೆ ಹೋಗಿ ಬೇಸರ ಬಂದಿತ್ತಂತೆ. ಅಷ್ಟು ದೂರದ ನದೀತೀರದಲ್ಲಿ ಆ ಮೂರ್ತಿಗಳು ಅವನಿಗೆ ತನ್ನವೆನಿಸಿದವು.

ಹೀಗೆ ತಿರುಗುತ್ತಿದ್ದಾಗಲೇ, ನಮ್ಮ ಮೂವರ ಸೀಮೆಗಳನ್ನೂ ಕಂಡು ಬರೆದಿಟ್ಟ ಒಬ್ಬ ಮನುಷ್ಯ ಇದೇ ಷಿಯಾನ್‌ನಿಂದ ಹೊರಟವನೆಂಬುದು ನಮಗೆ ಹೊಳೆದದ್ದು. ಕನ್ನಡದ ಪಠ್ಯಪುಸ್ತಕಗಳಲ್ಲಿ ಹ್ಯೂಯೆನ್ ತ್ಸಾಂಗ್ ಎಂದು ಓದಿದ ಆ ಭಿಕ್ಷು 629ರ ಸುಮಾರಿಗೆ, ಆಗ ಚಾಂಗಾನ್ ಎನಿಸಿಕೊಂಡಿದ್ದ ಈ ನಗರದಿಂದ ಗಡಿ ದಾಟುವ ಅಪ್ಪಣೆಯಿಲ್ಲದೆ ಹೊರಟು, 645ರಲ್ಲಿ 657 ಗ್ರಂಥಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಮರಳಿದ. ಅವನ್ನು ಇಡಲು 652ರಲ್ಲಿ ಕಟ್ಟಿದ ಕಾಡುಬಾತಿನ ದೊಡ್ಡ ಪಗೋಡ ಇಂದಿಗೂ ನಗರದ ಗುರುತು. ಸಂಜೆಯ ಕಾರಂಜಿ ನೋಡಲು ಅದರ ಎದುರಿನ ಚೌಕದಲ್ಲಿ ಎಷ್ಟೋ ಸಲ ನಿಂತಿದ್ದೆವು. ಆದರೆ ಆ ಭಿಕ್ಷುವಿನ ಅವಶೇಷಗಳಿರುವುದು ಅಲ್ಲಿಂದ ಸುಮಾರು 20 ಕಿಲೋಮೀಟರ್ ದಕ್ಷಿಣದ ಶಿಂಗ್‌ಜ್ಯಾವ್ ದೇವಾಲಯದಲ್ಲಿ. ನಗರದ ಬಸ್ಸು ಇಳಿದು, ಹಳದಿ ಮಣ್ಣಿನ ದಿಬ್ಬದ ಮೇಲೆ ಗೋಧಿ ಹೊಲಗಳ ನಡುವೆ ನಡೆದು ಹೋಗಬೇಕು. ಪ್ರವಾಸಿ ಬಸ್ಸುಗಳ ಸದ್ದಿಲ್ಲ. ಒಂದು ಅಂಗಳದಲ್ಲಿ ಮೂರು ಇಟ್ಟಿಗೆಯ ಸ್ತೂಪಗಳಿವೆ. ನಡುವಿನ ಐದಂತಸ್ತಿನದು ಹ್ಯೂಯೆನ್ ತ್ಸಾಂಗ್‌ನದು. ಎಡಬಲದ ಸಣ್ಣವು ಅವನ ಶಿಷ್ಯರಾದ ಕ್ವೇಜಿಯದು ಮತ್ತು ಕೊರಿಯಾದ ಸಿಲ್ಲಾ ರಾಜ್ಯದಿಂದ ಬಂದ ಯುವಾನ್‌ತ್ಸೆಯದು. 664ರಲ್ಲಿ ತೀರಿಕೊಂಡ ಗುರುವನ್ನು 669ರಲ್ಲಿ ಈ ಜಾಗಕ್ಕೆ ತಂದರು.

ಆ ಅಂಗಳದ ಕಟ್ಟೆಯ ಮೇಲೆ ಕೂತು ನಾವು ಆತನ ದಾರಿಯನ್ನು ನೋಟ್‌ಬುಕ್ಕಿನಲ್ಲಿ ಬರೆದೆವು. ತೊಕ್‌ಮೊಕ್‌ನ ಪಕ್ಕದಲ್ಲೇ ಹಾಳುಬಿದ್ದಿರುವ ಸುಯಾಬ್ ನಗರದಲ್ಲಿ ಆತ 630ರಲ್ಲಿ ತುರ್ಕರ ಖಾನನನ್ನು ಕಂಡಿದ್ದ. ಭಾರತಕ್ಕೆ ಹೋಗಬೇಡ, ಅಲ್ಲಿಯ ಸೆಕೆ ನೀನು ತಾಳಲಾರೆ ಎಂದು ಖಾನ ತಡೆದನೆಂದೂ, ಕೊನೆಗೆ ದುಭಾಷಿಯನ್ನು ಕೊಟ್ಟು ಕಳಿಸಿದನೆಂದೂ ಶಿಷ್ಯರು ಬರೆದ ಚರಿತ್ರೆಯಲ್ಲಿದೆ. ತಾನು ಚಿಕ್ಕವಳಿದ್ದಾಗ ಶಾಲೆಯಿಂದ ಆ ಹಾಳೂರಿಗೆ ಊಟದ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದುದನ್ನು ಗೆಳತಿ ನೆನೆದಳು. ರೇಷ್ಮೆ ದಾರಿಯ ತಾಣಗಳೆಂದು 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ 33 ಜಾಗಗಳಲ್ಲಿ ಸುಯಾಬ್ ಕೂಡ ಇದೆ, ನಾವು ಕೂತಿದ್ದ ಆ ದೇವಾಲಯವೂ ಇದೆ. ಅಲ್ಲಿಂದ ಆತ ಪೆಶಾವರಕ್ಕೆ, ಅಂದಿನ ಪುರುಷಪುರಕ್ಕೆ ಬಂದು ಕನಿಷ್ಕನ ಸ್ತೂಪವನ್ನು ವರ್ಣಿಸಿದ. ಆತ ಆರಾಧಿಸುತ್ತಿದ್ದ ಬೌದ್ಧ ದಾರ್ಶನಿಕರಾದ ಅಸಂಗ ಮತ್ತು ವಸುಬಂಧು ಆ ಊರಿನವರೇ. ನನ್ನ ಸರದಿ ಬಂದಾಗ, ಮೊಬೈಲಿನಲ್ಲಿದ್ದ ಆತನ ಗ್ರಂಥದಿಂದ ಪುಲಕೇಶಿಯ ರಾಜ್ಯದ ಭಾಗವನ್ನು ಬಾವ್‌ಜಿಯವಳ ಕೈಗೆ ಕೊಟ್ಟೆ. ಹಳೆಯ ಚೀನೀಯಲ್ಲಿದ್ದುದನ್ನು ಅವಳು ಓದಿ ಬಿಡಿಸಿ ಹೇಳಿದಳು: ಅಲ್ಲಿಯ ಜನ ಅಭಿಮಾನಿಗಳು, ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ, ಸೋತು ಬಂದ ಸೇನಾಪತಿಗೆ ಹೆಂಗಸರ ಉಡುಪು ಕೊಡುತ್ತಾರೆ, ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುತ್ತಾರೆ, ಇತರರನ್ನೆಲ್ಲ ಗೆದ್ದ ಹರ್ಷನಿಗೆ ಈ ರಾಜ್ಯ ಮಾತ್ರ ಮಣಿದಿಲ್ಲ. ಆತ ಬಾದಾಮಿಗೇ ಬಂದಿದ್ದನೆಂದು ಆ ಪುಟಗಳು ಹೇಳುವುದಿಲ್ಲ. ಆದರೂ, ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ 634ರಲ್ಲಿ ತನ್ನ ಅರಸನ ಬಗ್ಗೆ ಕೆತ್ತಿಸಿದ ಮಾತಿಗೆ, ಅರಸನಿಂದ ಏನನ್ನೂ ಬಯಸದ ಒಬ್ಬ ಪರದೇಶಿಯ ಸಾಕ್ಷಿ ಇದು. ಅದನ್ನು ಆತನ ಸ್ತೂಪದ ಎದುರಿಗೆ, ಆತನ ಭಾಷೆಯಲ್ಲಿ, ಆತನ ನಾಡಿನ ಹುಡುಗಿಯ ಬಾಯಿಂದ ಕೇಳಿದಾಗ ನನ್ನ ಕಣ್ಣು ತುಂಬಿದವು.

ಪೆಶಾವರದವನು ನೋಟ್‌ಬುಕ್ಕನ್ನು ತಿರುಗಿಸಿ ನೋಡುತ್ತಾ, ಈ ದಾರಿಯಲ್ಲಿ ನಾವು ನಾಲ್ವರೂ ಒಮ್ಮೆ ಹೋಗಬೇಕು ಎಂದ. ಆಮೇಲೆ ಪಾಸ್‌ಪೋರ್ಟುಗಳನ್ನು ನೆನೆದು ಲೆಕ್ಕ ಹಾಕಿದೆವು. ಅವನು ಬಾದಾಮಿಗೆ ಬರಲು ವೀಸಾ ಸಿಗುವುದು ಕಷ್ಟ, ನಾನು ಪೆಶಾವರಕ್ಕೆ ಹೋಗುವುದೂ ಅಷ್ಟೇ ಕಷ್ಟ. ಹದಿನಾಲ್ಕು ಶತಮಾನಗಳ ಹಿಂದೆ ಒಬ್ಬ ಭಿಕ್ಷು ನಡೆದು ದಾಟಿದ ದಾರಿಯನ್ನು ಇಂದು ನಾವು ಜೊತೆಯಾಗಿ ದಾಟಲಾರೆವು. ಆ ದಾರಿ ಮುಗಿದ ಈ ಊರಿನಲ್ಲಿ ಮಾತ್ರ ನಾಲ್ವರೂ ಒಂದೇ ಕಟ್ಟೆಯ ಮೇಲೆ ಕೂರಬಹುದಿತ್ತು. ಇದರ ಬಗ್ಗೆ ನನಗೆ ಇಂದಿಗೂ ದುಃಖವಿದೆ, ಅದನ್ನು ಮುಚ್ಚಿಡುವುದಿಲ್ಲ.

2019ರಲ್ಲಿ ಓದು ಮುಗಿದು ಎಲ್ಲರೂ ಚದುರಿದೆವು. ಮರುವರ್ಷ ಸಾಂಕ್ರಾಮಿಕ ಬಂದು ಚೀನಾದ ಬಾಗಿಲು ಮುಚ್ಚಿತು. ಆಗ ನಿಂತ ಭಾರತ–ಚೀನಾ ನೇರ ವಿಮಾನಗಳು ಮತ್ತೆ ಹಾರತೊಡಗಿದ್ದು 2025ರ ಅಕ್ಟೋಬರ್‌ನಲ್ಲಿ. ಮೊಬೈಲಿನಲ್ಲಿ ನಮ್ಮ ನಾಲ್ವರ ಗುಂಪು ಮಾತ್ರ ನಿಂತಿಲ್ಲ. ಬಾವ್‌ಜಿಯವಳ ಊರಿನಿಂದ ಚಿನ್‌ಲಿಂಗ್ ಪರ್ವತವನ್ನು ಸೀಳಿಕೊಂಡು ಸಿಚುವಾನ್‌ನ ಗ್ವಾಂಗ್‌ಯುವಾನ್‌ವರೆಗೆ ಸುಮಾರು 350 ಕಿಲೋಮೀಟರ್ ಸಾಗುವ 6063 ಸಂಖ್ಯೆಯ ನಿಧಾನ ರೈಲೊಂದಿದೆ. ಸಣ್ಣ ಸಣ್ಣ ನಿಲ್ದಾಣಗಳಲ್ಲೆಲ್ಲ ನಿಲ್ಲುವ, ಬೆಟ್ಟದ ರೈತರು ತರಕಾರಿ ಬುಟ್ಟಿಗಳೊಂದಿಗೆ ಹತ್ತಿ ಇಳಿಯುವ ಹಸಿರು ರೈಲು. ಅದರಲ್ಲಿ ಕರೆದೊಯ್ಯುತ್ತೇನೆಂದು ಅವಳು ಪ್ರತಿ ಚಳಿಗಾಲದಲ್ಲೂ ಹೇಳುತ್ತಿದ್ದಳು, ಪ್ರತಿ ಸಲವೂ ಯಾರದೋ ಪರೀಕ್ಷೆ ಅಡ್ಡ ಬರುತ್ತಿತ್ತು. ಕಳೆದ ತಿಂಗಳು ಅವಳು ಗುಂಪಿನಲ್ಲಿ ಆ ರೈಲಿನ ಈಗಿನ ವೇಳಾಪಟ್ಟಿ ಹಾಕಿದ್ದಾಳೆ. ತೊಕ್‌ಮೊಕ್‌ನವಳು ವಸಂತದಲ್ಲಿ ಆಗಬಹುದೆಂದಿದ್ದಾಳೆ, ಪೆಶಾವರದವನು ರಂಜಾನ್ ಮುಗಿದ ಮೇಲೆ ಎಂದಿದ್ದಾನೆ. ನಾನು ವೀಸಾಕ್ಕೆ ಬೇಕಾದ ಕಾಗದಪತ್ರಗಳನ್ನು ಹೊಂದಿಸುತ್ತಿದ್ದೇನೆ.